ಕಹಳೆಗಾರನ ಮನೆ

ನ್ಯೂಯಾರ್ಕ್ ಮಹಾನಗರವು ಐದು ವಿಭಾಗಗಳಾಗಿ ಹಂಚಿಹೋಗಿದೆ. ಅವುಗಳಲ್ಲಿ ಮುಗಿಲನ್ನು ಮುಟ್ಟುವ ಸೌಧಗಳಿಂದ ಲೋಕಪ್ರಸಿದ್ಧಿ ಪಡೆದದ್ದು ಮ್ಯಾನ್‌ಹ್ಯಾಟನ್. ಅದರ ಪೂರ್ವಕ್ಕೆ, ನದಿಯ ಆಚೆಯ ದಡದಲ್ಲಿ, ಸಾಮಾನ್ಯ ಸಂಸಾರಿಗಳ ಮನೆಗಳಿಂದ ತುಂಬಿ ಬಹುದೂರ ಹಬ್ಬಿಕೊಂಡಿರುವುದು ಕ್ವೀನ್ಸ್. ಪ್ರವಾಸಿಗಳಾಗಿ ಬಂದವರು ಈ ಕ್ವೀನ್ಸನ್ನು ನೋಡುವುದು ಬಹುಮಟ್ಟಿಗೆ ವಿಮಾನನಿಲ್ದಾಣದಿಂದ ಹೊರಟ ಮೋಟಾರಿನ ಕಿಟಕಿಯೊಳಗಿಂದ ಮಾತ್ರವೇ. ಕನ್ನಡಿಗರಾದರೋ ಬೇರೊಂದು ಕಾರಣಕ್ಕಾಗಿ ಅಲ್ಲಿಗೆ ಹೋಗುವುದುಂಟು. ಫ್ಲಷಿಂಗ್ ಎಂಬ ಭಾಗದಲ್ಲಿ ೧೯೭೭ರಲ್ಲಿ ಪ್ರತಿಷ್ಠಿತವಾದ ಮಹಾವಲ್ಲಭ ಗಣಪತಿಯ ದೇವಾಲಯವಿದೆ. ದೇವರ ದರ್ಶನವಾದ ಬಳಿಕ ನೆಲಮಾಳಿಗೆಯ ಉಪಾಹಾರಶಾಲೆಯಲ್ಲಿ ದೋಸೆಯ ದರ್ಶನವೂ ಆಗುತ್ತದೆ. ಎರಡನೆಯದಕ್ಕಾಗಿಯೇ ಮೊದಲನೆಯದನ್ನು ಮಾಡುವ ಭಕ್ತರೂ ಇಲ್ಲದಿಲ್ಲ.

ಫ್ಲಷಿಂಗಿನಿಂದ ನಗರಕ್ಕೆ ಹಿಂದಿರುಗುವುದಕ್ಕೆ ಏಳನೆಯ ಸಂಖ್ಯೆಯ ರೈಲನ್ನು ಹತ್ತಬೇಕು. ಇದು ಉಕ್ಕಿನ ಕಂಬಗಳ ಮೇಲೆ, ಬೀದಿಯ ನೆತ್ತಿಯಲ್ಲಿ, ಮನೆಗಳ ಮಾಳಿಗೆಗಳನ್ನು ಇಣುಕಿ ನೋಡುತ್ತ ಓಡುವ ರೈಲು. ಎಲ್ಲ ನಿಲ್ದಾಣಗಳಲ್ಲಿಯೂ ನಿಲ್ಲುವ ಗಾಡಿಯಾದರೆ ಮೂರನೆಯದು ನೂರಮೂರನೆಯ ರಸ್ತೆಯ ಕೊರೋನಾ ನಿಲ್ದಾಣ. ಈ ಹೆಸರಿಗೂ ಈಚೆಗೆ ಜಗತ್ತನ್ನೆಲ್ಲ ಪೀಡಿಸಿದ ವ್ಯಾಧಿಗೂ ಯಾವ ಸಂಬಂಧವೂ ಇಲ್ಲ. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಕಿರೀಟವೆಂದು ಅರ್ಥ. ಊರು ರೋಗಕ್ಕಿಂತ ಬಹು ಹಿಂದಿನದು. ಈ ನಿಲ್ದಾಣದಲ್ಲಿ ಇಳಿಯುವ ಭಾರತೀಯರು ವಿರಳ. ನಾನು ಇಳಿದುದು ಲೂಯಿ ಆರ್ಮ್‌ಸ್ಟ್ರಾಂಗ್ ಎಂಬ ಕಹಳೆಗಾರನ ಮನೆಯನ್ನು ನೋಡುವುದಕ್ಕಾಗಿ.

ಮೆಟ್ಟಲಿಳಿದರೆ ಬೀದಿಯಲ್ಲಿ ಕೇಳಿಬರುವುದು ಇಂಗ್ಲಿಷಲ್ಲ, ಸ್ಪ್ಯಾನಿಷ್. ಅಂಗಡಿಗಳ ಹಲಗೆಗಳಲ್ಲಿಯೂ ಅದೇ ಭಾಷೆ. ಒಂದು ಕಾಲದಲ್ಲಿ ಇಟಲಿಯವರೂ ಅನಂತರ ಆಫ್ರಿಕಮೂಲದ ಕಪ್ಪುಜನರೂ ಹೆಚ್ಚಾಗಿದ್ದ ಈ ಪ್ರದೇಶದಲ್ಲಿ ಈಗ ದಕ್ಷಿಣ ಅಮೆರಿಕ, ಮೆಕ್ಸಿಕೋ ಮುಂತಾದ ದೇಶಗಳಿಂದ ಬಂದವರು ನೆಲಸಿದ್ದಾರೆ. ರೈಲಿನ ಕಂಬಗಳ ನೆರಳಿನಲ್ಲಿ ಹೆಂಗಸರು ತಳ್ಳುಗಾಡಿಗಳನ್ನಿಟ್ಟುಕೊಂಡು ಮೆಕ್ಕೆಜೋಳದ ಹಿಟ್ಟನ್ನು ಅದರ ಸಿಪ್ಪೆಯಲ್ಲಿಯೇ ಸುತ್ತಿ ಹಬೆಯಲ್ಲಿ ಬೇಯಿಸಿದ ಒಂದು ತಿಂಡಿಯನ್ನು ಮಾರುತ್ತಾರೆ. ಅದು ನಮ್ಮ ಕಡುಬಿಗೆ ದೂರದ ದಾಯಾದಿಯೆಂದು ಹೇಳಬಹುದು. ಅಲ್ಲಿಂದ ಕೆಲವು ಬೀದಿಗಳನ್ನು ದಾಟಿದರೆ ಗದ್ದಲ ಅಡಗಿ, ಒಂದಕ್ಕೊಂದು ತೋಳು ತಾಗಿಸಿ ನಿಂತಂತಿರುವ ಸಣ್ಣ ಸಣ್ಣ ಮನೆಗಳು ಎದುರಾಗುತ್ತವೆ. ನೂರೇಳನೆಯ ರಸ್ತೆಯಲ್ಲಿ ೩೪-೫೬ ಎಂಬ ಸಂಖ್ಯೆಯುಳ್ಳ ಕೆಂಪು ಇಟ್ಟಿಗೆಯ ಮನೆಯೇ ನಾವು ಅರಸಿ ಬಂದದ್ದು. ೧೯೧೦ರಲ್ಲಿ ಕಟ್ಟಿದ ಮನೆ. ಬಾಗಿಲಿಗೆ ನಾಲ್ಕಾರು ಮೆಟ್ಟಲು, ಪಕ್ಕದಲ್ಲಿ ಒಂದು ತೋಟ. ಫಲಕವೊಂದಿಲ್ಲದಿದ್ದರೆ ಯಾರಾದರೂ ಗುಮಾಸ್ತೆಯ ಮನೆಯೆಂದು ತಿಳಿದು ಮುಂದೆ ಹೋಗಬಹುದು.

ಈ ಮನೆಯಲ್ಲಿ ೧೯೪೩ರಿಂದ ೧೯೭೧ರವರೆಗೆ ಇಪ್ಪತ್ತೆಂಟು ವರ್ಷಗಳ ಕಾಲ ವಾಸವಾಗಿದ್ದಾತನು ಸಾಮಾನ್ಯ ಮನುಷ್ಯನಲ್ಲ. ಭೂಮಂಡಲದಲ್ಲಿ ಆತನ ಕಂಠವನ್ನು ಕೇಳದ ನಗರವೇ ಇರಲಿಲ್ಲವೆಂದರೆ ಅತಿಶಯೋಕ್ತಿ ಸ್ವಲ್ಪವೇ ಆದೀತು. ಜಾಝ್ ಎಂಬ ಸಂಗೀತಕ್ಕೆ ಇಂದು ಇರುವ ರೂಪವನ್ನು ಕೊಟ್ಟವರಲ್ಲಿ ಆತನು ಅಗ್ರಗಣ್ಯ. ಆತನಿಗಿದ್ದ ಸಂಪಾದನೆಗೆ ಎಲ್ಲಿ ಬೇಕಾದರೂ ಬಂಗಲೆಯನ್ನು ಕಟ್ಟಿಸಬಹುದಾಗಿತ್ತು. ಇನ್ನೂ ದೊಡ್ಡ ಮನೆಗೆ ಹೋಗೋಣವೆಂದು ಪತ್ನಿಯೇ ಹೇಳಿದ್ದುಂಟು; ಆತನು ಒಪ್ಪಲಿಲ್ಲ. ಇದಕ್ಕೆ ಕಾರಣವು ಈ ಮನೆಯ ಗೋಡೆಗಳಲ್ಲಿಲ್ಲ. ಇಲ್ಲಿಂದ ಸಾವಿರಕ್ಕೂ ಹೆಚ್ಚು ಮೈಲಿ ದಕ್ಷಿಣಕ್ಕೆ, ಮಿಸಿಸಿಪಿ ನದಿಯ ಮುಖದ ಬಳಿಯಿರುವ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಅದನ್ನು ಹುಡುಕಬೇಕು.

ಆರ್ಮ್‌ಸ್ಟ್ರಾಂಗನು ಅಲ್ಲಿ ೧೯೦೧ನೆಯ ಆಗಸ್ಟ್ ೪ರಂದು ಹುಟ್ಟಿದನು. ಬದುಕಿರುವಷ್ಟು ಕಾಲವೂ ತಾನು ೧೯೦೦ನೆಯ ಜುಲೈ ೪ರಂದು, ಎಂದರೆ ಅಮೆರಿಕದ ಸ್ವಾತಂತ್ರ್ಯದಿನದಂದು ಹುಟ್ಟಿದವನೆಂದೇ ಹೇಳುತ್ತಿದ್ದನು. ನಿಜವಾದ ತಿಥಿ ಹೊರಬಿದ್ದುದು ಆತನ ಮರಣಾನಂತರ, ಚರ್ಚೊಂದರ ನಾಮಕರಣದ ದಾಖಲೆಯಿಂದ. ಹುಟ್ಟಿದ ದಿನವನ್ನು ಬರೆದಿಡುವವರೂ ಇಲ್ಲದ ಮನೆ ಅದು. ತಂದೆ ಮಗುವನ್ನೂ ತಾಯಿಯನ್ನೂ ಬಿಟ್ಟು ಹೋದನು. ತಾಯಿ ಮೇಯಾನ್ ಇನ್ನೂ ಹುಡುಗಿ. ಅಜ್ಜಿ ಕೆಲವು ವರ್ಷ ಸಾಕಿದಳು. ಮುಂದೆ ತಾಯಿಯೊಡನೆಯೂ ತಂಗಿಯೊಡನೆಯೂ ಒಂದೇ ಕೋಣೆಯಲ್ಲಿ, ಜೂಜು, ಕುಡಿತ, ಹೊಡೆದಾಟಗಳಿಂದ ‘ರಣರಂಗ’ವೆಂದೇ ಹೆಸರಾಗಿದ್ದ ಕೇರಿಯಲ್ಲಿ ಬೆಳೆದನು. ಆತನು ಹುಟ್ಟಿದ ಮನೆ ಈಗಿಲ್ಲ. ಪೊಲೀಸು ಕಚೇರಿ ಮುಂತಾದ ಸರ್ಕಾರಿ ಕಟ್ಟಡಗಳಿಗಾಗಿ ಅದನ್ನು ೧೯೬೪ರಲ್ಲಿ, ಆತನು ಕೀರ್ತಿಯ ಶಿಖರದಲ್ಲಿರುವಾಗಲೇ, ಕೆಡವಿಬಿಟ್ಟರು. ಆ ಊರಿನ ವಿಮಾನನಿಲ್ದಾಣಕ್ಕೆ ೨೦೦೧ರಲ್ಲಿ ಆತನ ಹೆಸರಿಟ್ಟಿದ್ದಾರೆ. ಉದ್ಯಾನವೂ ಪ್ರತಿಮೆಯೂ ಇವೆ. ಮನೆ ಮಾತ್ರ ಇಲ್ಲ.

ಬಾಲ್ಯದಲ್ಲಿ ಆತನಿಗೆ ಆಶ್ರಯ ದೊರೆತ ಇನ್ನೊಂದು ಮನೆ ಕಾರ್ನೋಫ್ಸ್ಕಿ ಎಂಬ ಯೆಹೂದ್ಯರದು. ಲಿಥುವೇನಿಯದಿಂದ ವಲಸೆ ಬಂದು ಹಳೆಯ ಸಾಮಾನು, ಕಲ್ಲಿದ್ದಲು ಮಾರಿ ಜೀವಿಸುತ್ತಿದ್ದ ಆ ಕುಟುಂಬದ ಗಾಡಿಯ ಮೇಲೆ ಕುಳಿತು, ಗಿರಾಕಿಗಳನ್ನು ಕರೆಯುವುದಕ್ಕಾಗಿ ತಗಡಿನ ತುತ್ತೂರಿಯೊಂದನ್ನು ಊದುವುದು ಬಾಲಕನ ಕೆಲಸ. ಗಿರವಿಯ ಅಂಗಡಿಯಲ್ಲಿದ್ದ ಹಳೆಯ ಕಾರ್ನೆಟ್ಟೊಂದನ್ನು ಐದು ಡಾಲರಿಗೆ ಕೊಳ್ಳುವುದಕ್ಕೆ ಮುಂಗಡ ಕೊಟ್ಟವರೂ ಅವರೇ. ಕಾರ್ನೆಟ್ ಎಂಬುದು ಟ್ರಂಪೆಟ್ಟಿನ ಗಿಡ್ಡನೆಯ ಸೋದರ. ೧೯೬೯ರಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗ ಆತನು ಬರೆಯತೊಡಗಿದ ಸ್ಮರಣೆಗಳು ಈ ಕುಟುಂಬವನ್ನು ಕುರಿತವು. ತಾವೇ ಇತರ ಬಿಳಿಯರ ತಿರಸ್ಕಾರಕ್ಕೆ ಪಾತ್ರರಾಗಿದ್ದ ಜನ ತನಗೆ ಊಟವಿಕ್ಕಿದರೆಂಬುದನ್ನು ಆತನು ಮರೆಯಲಿಲ್ಲ; ಯೆಹೂದ್ಯರ ಷಟ್ಕೋಣ ನಕ್ಷತ್ರವನ್ನು ಕೊರಳಿನಲ್ಲಿ ಧರಿಸುತ್ತಿದ್ದನು. ಅವರ ಹಳೆಯ ಅಂಗಡಿಯ ಕಟ್ಟಡವು ೨೦೨೧ರ ಆಗಸ್ಟಿನಲ್ಲಿ ಬೀಸಿದ ಐಡಾ ಎಂಬ ಚಂಡಮಾರುತಕ್ಕೆ ಸಿಕ್ಕಿ ಕುಸಿದುಹೋಯಿತು.

ಉಪಾಧ್ಯಾಯವೃತ್ತಿಯಲ್ಲಿ ಆಯುಷ್ಯ ಕಳೆದವನಾದುದರಿಂದ ಮುಂದಿನ ಘಟನೆಯ ಬಳಿ ನಾನು ತುಸು ನಿಲ್ಲಬೇಕಾಗಿದೆ. ೧೯೧೨ರ ಕೊನೆಯ ರಾತ್ರಿ, ಹೊಸ ವರ್ಷದ ಸಂಭ್ರಮದಲ್ಲಿ, ಹನ್ನೊಂದು ವರ್ಷದ ಲೂಯಿ ಮನೆಯಲ್ಲಿದ್ದ ಪಿಸ್ತೂಲನ್ನು ತಂದು ಬೀದಿಯಲ್ಲಿ ಆಕಾಶಕ್ಕೆ ಹಾರಿಸಿದನು. ಪೊಲೀಸರು ಹಿಡಿದರು. ಮರುದಿನವೇ ನ್ಯಾಯಾಧೀಶನು ಕಪ್ಪು ಬಾಲಕರಿಗಾಗಿ ಇದ್ದ ಅನಾಥ ಶಿಕ್ಷಾಶಾಲೆಗೆ ಕಳುಹಿಸಿಬಿಟ್ಟನು. ಅಲ್ಲಿ ಪೀಟರ್ ಡೇವಿಸ್ ಎಂಬ ಸಂಗೀತದ ಉಪಾಧ್ಯಾಯನಿದ್ದನು. ‘ರಣರಂಗ’ದ ಕೇರಿಯಿಂದ ಬಂದ ಹುಡುಗನೆಂದು ಮೊದಮೊದಲು ಆತನಿಗೂ ಲೂಯಿಯ ಮೇಲೆ ಅಸಹನೆ. ಕ್ರಮೇಣ ಮನಸ್ಸು ತಿರುಗಿತು. ಮೊದಲು ಕಂಜರವನ್ನು ಹೋಲುವ ತಾಳವಾದ್ಯ, ಆಮೇಲೆ ಸಣ್ಣ ಜಾತಿಯ ಕೊಂಬುಗಳು, ಕೊನೆಗೆ ಕಾರ್ನೆಟ್, ಹೀಗೆ ಒಂದೊಂದಾಗಿ ವಾದ್ಯಗಳು ಹುಡುಗನ ಕೈಸೇರಿದವು. ಕಡೆಗೆ ಶಾಲೆಯ ವಾದ್ಯವೃಂದಕ್ಕೆ ಅವನೇ ನಾಯಕನಾದನು. ವೃಂದವು ಮೆರವಣಿಗೆಯಾಗಿ ಹಳೆಯ ಕೇರಿಯ ಮುಂದೆ ಹಾದುಹೋದಾಗ ಅಲ್ಲಿಯ ಜೂಜುಗಾರರೂ ವೇಶ್ಯೆಯರೂ ನಮ್ಮ ಹುಡುಗನೆಂದು ಹಿಗ್ಗಿ ಟೊಪ್ಪಿಗೆಯ ತುಂಬ ನಾಣ್ಯ ಸುರಿದರಂತೆ. ೧೯೩೧ರಲ್ಲಿ, ಆಗಲೇ ಪ್ರಸಿದ್ಧನಾಗಿ ಊರಿಗೆ ಬಂದಾಗ, ಆರ್ಮ್‌ಸ್ಟ್ರಾಂಗನು ಆ ಶಾಲೆಗೆ ಹೋಗಿ ಗುರುವಿನ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡನು. ಜಗತ್ತಿನಲ್ಲಿ ಪೀಟರ್ ಡೇವಿಸನ ಹೆಸರು ಉಳಿದಿರುವುದು ಆ ಒಬ್ಬ ಶಿಷ್ಯನಿಂದ. ಬಹುಪಾಲು ಉಪಾಧ್ಯಾಯರಿಗೆ ಅಷ್ಟೂ ಲಭಿಸುವುದಿಲ್ಲ.

ಆಮೇಲಿನ ವೃತ್ತಾಂತವನ್ನು ಬೇಗನೆ ಹೇಳಬಹುದು. ಊರಿನ ಶ್ರೇಷ್ಠ ವಾದಕನಾದ ಜೋ ಆಲಿವರನು ಹುಡುಗನನ್ನು ಶಿಷ್ಯನಂತೆ ಕಂಡನು; ನದಿಯ ವಿಹಾರನೌಕೆಗಳಲ್ಲಿ ಬಾರಿಸುತ್ತ ಲೂಯಿ ಸ್ವರಲಿಪಿಯನ್ನು ಚೆನ್ನಾಗಿ ಓದಲು ಕಲಿತನು; ೧೯೨೨ರಲ್ಲಿ ಗುರುವಿನ ಕರೆ ಬಂದಾಗ ತಾಯಿ ಕಟ್ಟಿಕೊಟ್ಟ ಮೀನಿನ ಬುತ್ತಿಯೊಡನೆ ಶಿಕಾಗೋ ರೈಲನ್ನು ಹತ್ತಿದನು. ೧೯೨೩ರಲ್ಲಿ ಮೊದಲ ಧ್ವನಿಮುದ್ರಣ. ೧೯೨೫ರಿಂದ ೧೯೨೮ರವರೆಗೆ ಶಿಕಾಗೋದಲ್ಲಿ ತನ್ನದೇ ಐದಾರು ಜನರ ಸಣ್ಣ ವೃಂದಗಳೊಡನೆ ಮುದ್ರಿಸಿದ ತಟ್ಟೆಗಳು ಆತನ ಕೀರ್ತಿಗೆ ಆಧಾರಶಿಲೆ.

ಆ ತಟ್ಟೆಗಳಲ್ಲಿ ಅಂಥದೇನಿದೆ? ಪಾಶ್ಚಾತ್ಯ ಸಂಗೀತವನ್ನು ಬಲ್ಲವನಲ್ಲದಿದ್ದರೂ ನಮ್ಮ ಸಂಗೀತವನ್ನು ಕೇಳಿ ಬಲ್ಲವನಾಗಿ ಒಂದೆರಡು ಮಾತು ಹೇಳುತ್ತೇನೆ. ಅದುವರೆಗೆ ನ್ಯೂ ಆರ್ಲಿಯನ್ಸಿನ ಪದ್ಧತಿಯಲ್ಲಿ ಮೂರು ನಾಲ್ಕು ವಾದ್ಯಗಳು ಏಕಕಾಲದಲ್ಲಿ, ಜಡೆ ಹೆಣೆದಂತೆ, ಒಂದರೊಳಗೊಂದು ಸುತ್ತಿಕೊಂಡು ನುಡಿಯುತ್ತಿದ್ದವು. ಆರ್ಮ್‌ಸ್ಟ್ರಾಂಗನು ಆ ಜಡೆಯಿಂದ ಒಂದು ಎಳೆಯನ್ನು ಹೊರತೆಗೆದು, ಒಬ್ಬ ವಾದಕನು ಒಂಟಿಯಾಗಿ ನಿಂತು ತನ್ನ ಮನೋಧರ್ಮದಿಂದ ವಿಸ್ತರಿಸುವುದೇ ಈ ಸಂಗೀತದ ಜೀವಾಳವೆಂದು ತೋರಿಸಿಕೊಟ್ಟನು. ಕೃತಿ ಒಂದಾದರೂ ವಿದ್ವಾಂಸನ ನೆರವಲು, ಕಲ್ಪನಾಸ್ವರಗಳು ದಿನಕ್ಕೊಂದು ಬಗೆ ಎಂಬುದು ನಮಗೆ ಹೊಸದಲ್ಲ. ಆ ದೇಶಕ್ಕೆ ಅದು ಹೊಸದು. ೧೯೨೮ರ ಜೂನ್ ೨೮ರಂದು ಮುದ್ರಿತವಾದ ‘ವೆಸ್ಟ್ ಎಂಡ್ ಬ್ಲೂಸ್’ ಎಂಬ ತಟ್ಟೆಯನ್ನು ಕೇಳಬೇಕು. ಅದು ಗುರು ಆಲಿವರನದೇ ರಚನೆ. ಅದರ ಆರಂಭದಲ್ಲಿ ಯಾವ ಪಕ್ಕವಾದ್ಯವೂ ಇಲ್ಲದೆ, ಹದಿನೈದು ಸೆಕೆಂಡುಗಳನ್ನು ಮೀರದಷ್ಟು ಹೊತ್ತು, ಕಹಳೆಯೊಂದೇ ನುಡಿಯುತ್ತದೆ. ನಾಲ್ಕು ದೃಢವಾದ ಸ್ವರಗಳಿಂದ ಎದ್ದು, ಮೇಲಕ್ಕೇರಿ, ಸುರುಳಿ ಸುರುಳಿಯಾಗಿ ಕೆಳಗಿಳಿಯುವ ಆ ಭಾಗವು ತಾಳದ ಹಂಗಿಲ್ಲದ ಒಂದು ಕಿರಿಯ ಆಲಾಪನೆ. ಅದನ್ನು ಕೇಳಿ ವಾದ್ಯವನ್ನು ಕೆಳಗಿಟ್ಟವರೂ ಉಂಟು, ಹೊಸದಾಗಿ ಹಿಡಿದವರೂ ಉಂಟು.

ಕಹಳೆಯೆಂದರೆ ನಮಗೆ ನೆನಪಾಗುವುದು ಯುದ್ಧ, ಇಲ್ಲವೆ ದೇವರ ಉತ್ಸವ. ಟ್ರಂಪೆಟ್ಟಿನಲ್ಲಿ ಇರುವುದು ಮೂರೇ ಮೂರು ಗುಂಡಿ. ಉಳಿದುದೆಲ್ಲ ತುಟಿಯ ಬಿಗಿತ, ಉಸಿರಿನ ಒತ್ತಡ. ಮೆರವಣಿಗೆಯ ಸಿಪಾಯಿಗಳಿಗಾಗಿ ಯೂರೋಪಿನವರು ಮಾಡಿದ ಈ ಹಿತ್ತಾಳೆಯ ನಳಿಗೆಯಿಂದ, ಗುಲಾಮರ ಸಂತತಿಯವರು ತಮ್ಮ ಅಜ್ಜಿಯರ ಹಾಡಿನ ದನಿಯನ್ನು ಹೊರಡಿಸಿದರು. ಗಾಂಧಾರ ನಿಷಾದಗಳು ತಮ್ಮ ಸ್ಥಾನದಲ್ಲಿ ನೆಟ್ಟಗೆ ನಿಲ್ಲದೆ ತುಸು ಬಾಗಿ, ಅಳುವ ಮಗುವಿನ ತುಟಿಯಂತೆ ನಡುಗುವುದು ಆ ಸಂಗೀತದ ಗುರುತು. ಪರದೇಶದ ವಾದ್ಯಕ್ಕೆ ಸ್ವದೇಶದ ಮಾತು ಕಲಿಸುವ ಈ ವಿದ್ಯೆಯನ್ನು ನಮ್ಮವರೂ ಬಲ್ಲರು: ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತ ಕದ್ರಿ ಗೋಪಾಲನಾಥರು (೧೯೪೯–೨೦೧೯) ಆ ವಾದ್ಯಕ್ಕೆ ಗಮಕಗಳನ್ನು ಕಲಿಸಿದ ಸಾಹಸವನ್ನು ಕಿವಿಯಾರೆ ಕೇಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಆರ್ಮ್‌ಸ್ಟ್ರಾಂಗನು ಹಾಡಲೂ ತೊಡಗಿದನು. ಗೊಗ್ಗರು ಕಂಠ, ಸಂಗೀತದ ಶಾಲೆಯಲ್ಲಿ ಪ್ರವೇಶಪರೀಕ್ಷೆಗೆ ಹೋಗಿದ್ದರೆ ಹೊರಗೆ ಕಳುಹಿಸುತ್ತಿದ್ದರು. ೧೯೨೬ರಲ್ಲಿ ‘ಹೀಬೀ ಜೀಬೀಸ್’ ಎಂಬ ಹಾಡನ್ನು ಮುದ್ರಿಸುವಾಗ ಸಾಹಿತ್ಯದ ಹಾಳೆ ಕೈಜಾರಿ ಬಿದ್ದಿತೆಂದೂ, ಗಾಯನ ನಿಲ್ಲಬಾರದೆಂದು ಆತನು ಬಾಯಿಗೆ ಬಂದ ಅರ್ಥವಿಲ್ಲದ ಅಕ್ಷರಗಳನ್ನೇ ಹಾಡಿದನೆಂದೂ ಒಂದು ಕಥೆಯಿದೆ. ಕಥೆ ಕಟ್ಟಿದ್ದೋ ನಡೆದದ್ದೋ, ನಿರರ್ಥಕ ಅಕ್ಷರಗಳ ಆ ಗಾನವು ಒಂದು ಪದ್ಧತಿಯಾಗಿ ನಿಂತಿತು. ತಿಲ್ಲಾನವನ್ನು ಕೇಳಿದ ಕಿವಿಗೆ ಇದು ಅಪರಿಚಿತವಲ್ಲ.

ಇನ್ನು ಮನೆಯ ವಿಚಾರ. ೧೯೪೨ರಲ್ಲಿ ಆತನು ಲೂಸಿಲ್ ವಿಲ್ಸನ್ ಎಂಬ ನರ್ತಕಿಯನ್ನು ಮದುವೆಯಾದನು. ಇದು ನಾಲ್ಕನೆಯ ಮದುವೆ; ಗೃಹಸ್ಥಾಶ್ರಮದ ಹಿಂದಿನ ಮೂರು ಪ್ರಯತ್ನಗಳು ಫಲಿಸಿರಲಿಲ್ಲ. ನ್ಯೂ ಆರ್ಲಿಯನ್ಸಿನ ಬಡವರ ಊಟವಾದ ಕೆಂಪು ಹುರುಳಿಕಾಯಿಬೀಜ ಮತ್ತು ಅನ್ನವನ್ನು ಅಡಿಗೆ ಮಾಡಬಲ್ಲೆಯಾ ಎಂಬುದು ಮದುವೆಗೆ ಮುಂಚೆ ಆತನು ಆಕೆಯನ್ನು ಕೇಳಿದ ಮುಖ್ಯ ಪ್ರಶ್ನೆ. ಮದುವೆಯಾದ ವರ್ಷ ಇಬ್ಬರೂ ಊರಿಂದೂರಿಗೆ ಸಂಚರಿಸುತ್ತಿದ್ದಾಗ ಕ್ರಿಸ್ತಜಯಂತಿ ಬಂದಿತು. ಲೂಸಿಲ್ ಹೊಟೆಲಿನ ಕೋಣೆಯಲ್ಲಿ ಒಂದು ಪುಟ್ಟ ಮರವನ್ನು ನೆಟ್ಟು ದೀಪಗಳಿಂದ ಅಲಂಕರಿಸಿದಳು. ರಾತ್ರಿ ಕಛೇರಿ ಮುಗಿಸಿ ಬಂದ ಪತಿ ಹಾಸಿಗೆಯಲ್ಲಿ ಮಲಗಿ ಆ ದೀಪಗಳನ್ನು ಮಗುವಿನಂತೆ ನೋಡುತ್ತಲೇ ಇದ್ದನು, ಆರಿಸಲು ಬಿಡಲಿಲ್ಲ. ನಾಲ್ವತ್ತೊಂದು ವರ್ಷದ ಆ ಮನುಷ್ಯನಿಗೆ ಅದು ಜೀವಮಾನದ ಮೊದಲನೆಯ ಹಬ್ಬದ ಮರ. ಮುಂದಿನ ಊರುಗಳಿಗೂ ಅದನ್ನು ಹೊತ್ತುಕೊಂಡೇ ಹೋಗಬೇಕೆಂದು ಹಟ ಹಿಡಿದನು, ಹಾಗೆಯೇ ಹೋದರು. ಈ ಮನುಷ್ಯನಿಗೆ ಬೇಕಾಗಿರುವುದು ಹೊಟೆಲಲ್ಲ, ಮನೆ ಎಂದು ಲೂಸಿಲ್ ನಿಶ್ಚಯಿಸಿದಳು.

ಮರುವರ್ಷ ಪತಿಯು ಸಂಚಾರದಲ್ಲಿದ್ದಾಗ ಆಕೆ ತಾನೊಬ್ಬಳೇ ಕೊರೋನಾದ ಈ ಮನೆಯನ್ನು ಕೊಂಡು ಅಣಿಗೊಳಿಸಿದಳು. ಬಳಿಕ ಆತನಿಗೆ ಕೊಟ್ಟದ್ದು ವಿಳಾಸವನ್ನು ಮಾತ್ರ. ಬಾಡಿಗೆಯ ಮೋಟಾರಿನಲ್ಲಿ ಬಂದಿಳಿದ ಆರ್ಮ್‌ಸ್ಟ್ರಾಂಗನು ಮನೆಯನ್ನು ನೋಡಿ, ಚಾಲಕನು ಪರಿಹಾಸ್ಯ ಮಾಡುತ್ತಿದ್ದಾನೆಂದು ತಿಳಿದನಂತೆ. ತನ್ನ ಮನೆಯೆಂಬ ನಂಬಿಕೆ ಬಾರದೆಯೇ ಗಂಟೆಯನ್ನು ಒತ್ತಿದನು. ಬಾಗಿಲು ತೆರೆದು ನಿಂತವಳು ಲೂಸಿಲ್. ಈ ಪ್ರಸಂಗವನ್ನು ಆತನು ಮುದುಕನಾದ ಮೇಲೂ ಬರೆದು, ಹೇಳಿ, ಹಿಗ್ಗುತ್ತಿದ್ದನು. ಹೆಂಗಸರು ಗಂಡಸರನ್ನು ಕೇಳದೆ ಮನೆ ಕೊಳ್ಳುವುದು ಉಚಿತವೇ ಎಂದು ನನ್ನ ವಯಸ್ಸಿನ ಕೆಲವು ಗೃಹಸ್ಥರು ಹುಬ್ಬೇರಿಸಬಹುದು. ಲೂಸಿಲ್ ಕೇಳಿದ್ದರೆ ಆತನು ಬೇಡವೆನ್ನುತ್ತಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಒಳಗೆ ಹೋಗುವುದಕ್ಕೆ ಮಾರ್ಗದರ್ಶಕರೊಡನೆ ಹಲವರ ಗುಂಪಾಗಿ ಹೋಗಬೇಕು. ಅಡಿಗೆಮನೆಯಲ್ಲಿ ನಮ್ಮ ಗುಂಪಿನ ಹೆಂಗಸರು ಬಹಳ ಹೊತ್ತು ನಿಂತರು. ಕಪಾಟುಗಳೆಲ್ಲ ನವಿಲುಗೊರಳಿನ ಬಣ್ಣದವು, ಕನ್ನಡಿಯಂತೆ ಹೊಳೆಯುತ್ತವೆ. ಅರೆಯುವ ಯಂತ್ರವನ್ನು ಕಟ್ಟೆಯಲ್ಲಿಯೇ ಅಡಗಿಸಿದ್ದಾರೆ. ಒಲೆಯ ಮೇಲೆ ಇದು ಆರ್ಮ್‌ಸ್ಟ್ರಾಂಗ್ ದಂಪತಿಗಳಿಗಾಗಿಯೇ ಮಾಡಿದ್ದೆಂದು ಬರೆದಿದೆ. ಸ್ನಾನದ ಮನೆಯ ಗೋಡೆಗಳೆಲ್ಲ ಕನ್ನಡಿ, ನಲ್ಲಿಗಳಿಗೆ ಚಿನ್ನದ ಲೇಪ. ಹೊರಗಿನಿಂದ ಗುಮಾಸ್ತೆಯ ಮನೆಯೆಂದು ಕಂಡದ್ದು ಒಳಗೆ ಹೀಗಿರುವುದನ್ನು ನೋಡಿ ನಗು ಬಂದಿತು. ಒಂದೇ ಕೋಣೆಯಲ್ಲಿ ಬೆಳೆದವನ ಮನೆಯ ನಲ್ಲಿಗೆ ಚಿನ್ನವಿದ್ದರೆ ಅದನ್ನು ಆಡಂಬರವೆಂದು ಕರೆಯಲು ಮನಸ್ಸು ಬಾರದು. ಹೊರಗೋಡೆಗೆ ಇಟ್ಟಿಗೆ ಹೊದಿಸಿದಾಗ, ತನ್ನ ಮನೆಯೊಂದೇ ಎದ್ದು ಕಾಣಬಾರದೆಂದು ನೆರೆಯವರ ಮನೆಗಳಿಗೂ ತನ್ನ ಖರ್ಚಿನಲ್ಲಿ ಹೊದಿಸಿಕೊಡುವೆನೆಂದು ಆತನು ಹೇಳಿದ್ದನಂತೆ.

ಇಲ್ಲೊಂದು ಸಣ್ಣ ವಿಷಯಾಂತರಕ್ಕೆ ಕ್ಷಮೆಯಿರಲಿ. ಆತನಿಗೆ ಮೂಲಿಕೆಯ ಒಂದು ವಿರೇಚಕದಲ್ಲಿ ಅಪಾರವಾದ ಶ್ರದ್ಧೆ. ಕಂಡವರಿಗೆಲ್ಲ, ದೊಡ್ಡ ದೊಡ್ಡ ಅಧಿಕಾರಿಗಳಿಗೂ, ಅದರ ಪೊಟ್ಟಣವನ್ನು ಹಂಚುತ್ತಿದ್ದನು. ಅದರ ಮುಖ್ಯ ದ್ರವ್ಯವು ನಮ್ಮ ಅಜ್ಜಿಯರ ಪೆಟ್ಟಿಗೆಯಲ್ಲಿಯೂ ಇದ್ದ ಸೋನಾಮುಖಿಯ ಎಲೆ. ತಾಯಿ ಮೇಯಾನ್ ರೈಲುಹಳಿಯ ಪಕ್ಕದಲ್ಲಿ ಸೊಪ್ಪುಸದೆಗಳನ್ನು ಕಿತ್ತು ಕಷಾಯ ಕುಡಿಸುತ್ತಿದ್ದಳು. ಹೊಟ್ಟೆ ಶುದ್ಧವಾಗಿದ್ದರೆ ರೋಗವಿಲ್ಲವೆಂಬುದು ಆಕೆಯ ವೈದ್ಯಶಾಸ್ತ್ರ. ಆ ದೇಶದಲ್ಲಿ ಇದನ್ನು ವಿಚಿತ್ರವೆಂದು ಬರೆಯುತ್ತಾರೆ. ನಮಗೆ ವಿಚಿತ್ರವೇನೂ ಕಾಣುವುದಿಲ್ಲ.

ಮಹಡಿಯ ಮೇಲಿನ ಆತನ ಓದುವ ಕೋಣೆಯೇ ಮನೆಯ ಗರ್ಭಗುಡಿ. ಮೇಜು, ಪುಸ್ತಕಗಳು, ಗೋಡೆಯ ಮೇಲೆ ಗಾಯಕ ಟೋನಿ ಬೆನೆಟ್ ಬರೆದುಕೊಟ್ಟ ಆತನ ಚಿತ್ರ, ಮತ್ತು ಎರಡು ಧ್ವನಿಮುದ್ರಣ ಯಂತ್ರಗಳು. ವರ್ಷದ ಬಹುಭಾಗ ಸಂಚಾರದಲ್ಲಿಯೇ ಕಳೆಯುತ್ತಿದ್ದ ಆರ್ಮ್‌ಸ್ಟ್ರಾಂಗನು ಮನೆಯಲ್ಲಿದ್ದಾಗ ಈ ಯಂತ್ರಗಳನ್ನು ಚಾಲೂ ಮಾಡಿ ಇಟ್ಟುಬಿಡುತ್ತಿದ್ದನು. ಸುಮಾರು ಏಳುನೂರು ಸುರುಳಿಗಳು ಉಳಿದಿವೆ; ಪ್ರತಿಯೊಂದರ ಡಬ್ಬಿಯ ಮೇಲೆಯೂ ಚಿತ್ರಗಳನ್ನೂ ಪತ್ರಿಕೆಯ ತುಣುಕುಗಳನ್ನೂ ಕತ್ತರಿಸಿ ತಾನೇ ಅಂಟಿಸಿದ್ದಾನೆ. ಅವುಗಳಲ್ಲಿ ಸಂಗೀತವಿದೆ, ಸ್ನೇಹಿತರ ಹರಟೆಯಿದೆ, ಊಟದ ಹೊತ್ತಿನ ಮಾತಿದೆ, ಗಂಡಹೆಂಡಿರ ಜಗಳವೂ ಇದೆ. ಮಾರ್ಗದರ್ಶಕರು ಒಂದು ಗುಂಡಿಯನ್ನು ಒತ್ತಿದಾಗ ಆ ಗೊಗ್ಗರು ಕಂಠ ಕೋಣೆಯಲ್ಲಿ ಕೇಳಿಸಿತು. ಕಛೇರಿಯ ಕಂಠವಲ್ಲ, ಅಂಗಿಯ ಗುಂಡಿ ಬಿಚ್ಚಿ ಕುಳಿತ ಯಜಮಾನನ ಕಂಠ. ನಮ್ಮ ಗುಂಪಿನಲ್ಲಿದ್ದ ಒಬ್ಬ ಎಳೆಯ ಹುಡುಗನು ತಿರುಗಿ ಬಾಗಿಲ ಕಡೆ ನೋಡಿದನು.

ಈ ಸುರುಳಿಗಳಿಗೆ ಇನ್ನೊಂದು ಬೆಲೆಯುಂಟು. ಆತನ ಮೇಲೆ ಹೊರಿಸಿದ ಒಂದು ಆಪಾದನೆಗೆ ಇವು ಸಾಕ್ಷ್ಯ. ವೇದಿಕೆಯಲ್ಲಿ ಆತನು ಹಲ್ಲು ಕಿರಿದು ನಗುವನು, ಕಣ್ಣು ತಿರುಗಿಸುವನು, ಬಿಳಿಯ ವಸ್ತ್ರದಿಂದ ಬೆವರು ಒರೆಸುತ್ತ ಹಾಸ್ಯ ಮಾಡುವನು. ಯೌವನದ ಕಪ್ಪು ಸಂಗೀತಗಾರರಿಗೆ ೧೯೪೦ರ ಅನಂತರದ ದಶಕಗಳಲ್ಲಿ ಇದು ಸಹಿಸದಾಯಿತು. ಬಿಳಿಯ ಯಜಮಾನರನ್ನು ನಗಿಸುವ ಹಳೆಯ ಆಳಿನ ವೇಷವಿದು ಎಂದು ಟೀಕಿಸಿದರು. ಇನ್ನೊಬ್ಬ ಮಹಾ ಕಹಳೆಗಾರನಾದ, ಒಂದು ಕಾಲದಲ್ಲಿ ಇದೇ ಕೊರೋನಾದಲ್ಲಿ ವಾಸವಾಗಿದ್ದ ಡಿಜ್ಜಿ ಗಿಲೆಸ್ಪಿ ಅಂಥ ಟೀಕಾಕಾರರಲ್ಲಿ ಒಬ್ಬನು. ಟೀಕೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ; ಹಳೆಯ ಚಲಚ್ಚಿತ್ರಗಳಲ್ಲಿ ಆತನಿಗೆ ಕೊಟ್ಟ ಕೆಲವು ವೇಷಗಳನ್ನು ನೋಡಿದರೆ ಇಂದಿಗೂ ಕಸಿವಿಸಿಯಾಗುತ್ತದೆ. ಆದರೆ ಸಂಸ್ಕೃತ ನಾಟಕಗಳನ್ನು ಓದಿದವರಿಗೆ ವಿದೂಷಕನೆಂದರೆ ಬರಿಯ ಕೋಡಂಗಿಯಲ್ಲವೆಂಬುದು ಗೊತ್ತು. ‘ಮೃಚ್ಛಕಟಿಕ’ದ ಮೈತ್ರೇಯನು ಎಲ್ಲರ ನಗೆಗೂ ಗುರಿ, ಚಾರುದತ್ತನ ಐಶ್ವರ್ಯ ಕರಗಿದ ಮೇಲೂ ಅವನ ಮನೆಯನ್ನು ಬಿಡದವನು ಅವನೇ.

೧೯೫೭ರ ಸೆಪ್ಟೆಂಬರಿನಲ್ಲಿ ಆರ್ಕನ್ಸಾಸ್ ರಾಜ್ಯದ ಲಿಟಲ್ ರಾಕ್ ಪಟ್ಟಣದ ಪ್ರೌಢಶಾಲೆಗೆ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ನ್ಯಾಯಾಲಯದ ತೀರ್ಪಿನಂತೆ ಸೇರಲು ಬಂದಾಗ, ರಾಜ್ಯದ ಗವರ್ನರನು ಸಿಪಾಯಿಗಳನ್ನಿಟ್ಟು ತಡೆದನು. ರಾಷ್ಟ್ರಾಧ್ಯಕ್ಷ ಐಸೆನ್‌ಹೋವರ್ ಸುಮ್ಮನಿದ್ದನು. ಆಗ ಆರ್ಮ್‌ಸ್ಟ್ರಾಂಗನು ಉತ್ತರ ಡಕೋಟದ ಗ್ರ್ಯಾಂಡ್ ಫೋರ್ಕ್ಸ್ ಎಂಬ ಊರಿನಲ್ಲಿದ್ದನು. ಸರ್ಕಾರದ ಪರವಾಗಿ ಸೋವಿಯತ್ ದೇಶಕ್ಕೆ ಸಂಗೀತಯಾತ್ರೆ ಹೋಗುವ ಮಾತು ನಡೆದಿತ್ತು. ಹೊಟೆಲಿನ ಕೋಣೆಗೆ ಬಂದ ಒಬ್ಬ ಯುವ ವರದಿಗಾರನ ಮುಂದೆ ಆತನು ಹೃದಯದಲ್ಲಿದ್ದುದನ್ನೆಲ್ಲ ಹೊರಹಾಕಿದನು: ತನ್ನ ಜನರನ್ನು ಹೀಗೆ ನಡೆಸಿಕೊಳ್ಳುವ ಸರ್ಕಾರ ನರಕಕ್ಕೆ ಹೋಗಲಿ, ಅಧ್ಯಕ್ಷನಿಗೆ ಧೈರ್ಯವಿಲ್ಲ, ಇಂಥ ದೇಶದ ದೂತನಾಗಿ ತಾನು ಹೋಗುವುದಿಲ್ಲ ಎಂಬ ಅರ್ಥದ ಮಾತುಗಳು, ಬಳಸಿದ ಕೆಲವು ಶಬ್ದಗಳನ್ನು ಯಾವ ಪತ್ರಿಕೆಯೂ ಅಚ್ಚುಮಾಡುವಂತಿರಲಿಲ್ಲ. ಸದಾ ನಗುವ ಮನುಷ್ಯನು ಹೀಗೆ ಹೇಳಿದನೆಂದರೆ ಸಂಪಾದಕನು ನಂಬಲಿಲ್ಲ. ವರದಿಗಾರನು ಮರುದಿನ ಬೆಳಿಗ್ಗೆ ಬರಹವನ್ನು ತೆಗೆದುಕೊಂಡು ಹೋದಾಗ, ಕ್ಷೌರ ಮಾಡಿಕೊಳ್ಳುತ್ತಿದ್ದ ಆರ್ಮ್‌ಸ್ಟ್ರಾಂಗನು ಓದಿ, ಒಂದು ಮಾತನ್ನೂ ಹಿಂತೆಗೆದುಕೊಳ್ಳದೆ ಒಪ್ಪಿಗೆಯ ರುಜು ಹಾಕಿದನು. ದೇಶವೆಲ್ಲ ಅಲ್ಲೋಲಕಲ್ಲೋಲವಾಯಿತು. ಆತನ ತಟ್ಟೆಗಳನ್ನು ನಿಷೇಧಿಸಿದವರಿದ್ದರು. ತನ್ನ ಜನಾಂಗದ ಕೆಲವು ಪ್ರಮುಖರೇ ಬೈದರು. ಕೆಲವು ದಿನಗಳಲ್ಲಿ, ಸೆಪ್ಟೆಂಬರ್ ೨೪ರಂದು, ಅಧ್ಯಕ್ಷನು ಸೈನ್ಯವನ್ನು ಕಳುಹಿಸಿ ಮಕ್ಕಳನ್ನು ಶಾಲೆಗೆ ಸೇರಿಸಿದನು.

ಇದಲ್ಲದೆ ಇನ್ನೊಂದುಂಟು. ೧೯೫೬ರಲ್ಲಿ ಲೂಯಿಸಿಯಾನ ರಾಜ್ಯವು ಕಪ್ಪುಬಿಳಿಯರು ಕೂಡಿ ವೇದಿ

ಕೆಯಲ್ಲಿ ನುಡಿಸಬಾರದೆಂದು ಕಾನೂನು ಮಾಡಿತು. ಆರ್ಮ್‌ಸ್ಟ್ರಾಂಗನ ವೃಂದದಲ್ಲಿ ಎರಡು ಬಣ್ಣದವರೂ ಇದ್ದರು. ವೃಂದವನ್ನು ಒಡೆಯುವುದಕ್ಕೆ ಬದಲು ಆತನು ಹುಟ್ಟಿದೂರನ್ನೇ ಬಿಟ್ಟನು. ಕಾನೂನು ಹೋದ ಮೇಲೆ, ೧೯೬೫ರಲ್ಲಿ, ಅಲ್ಲಿ ಮತ್ತೆ ಕಹಳೆ ಹಿಡಿದನು. ಹುಟ್ಟಿದೂರಿನಲ್ಲಿ ಬಾಗಿಲು ಮುಚ್ಚಿದ್ದ ಆ ವರ್ಷಗಳಲ್ಲೆಲ್ಲ ಬಾಗಿಲು ತೆರೆದಿದ್ದುದು ಕೊರೋನಾದ ಈ ನೂರೇಳನೆಯ ರಸ್ತೆ.

ದಂಪತಿಗಳಿಗೆ ಮಕ್ಕಳಿರಲಿಲ್ಲ, ರಸ್ತೆಯ ಮಕ್ಕಳೆಲ್ಲ ಆತನ ಮಕ್ಕಳೇ. ಸಂಚಾರದಿಂದ ಹಿಂದಿರುಗಿದ ಸುದ್ದಿ ತಿಳಿಯುತ್ತಲೇ ಪೆಟ್ಟಿಗೆ ಹೊರಲು ಓಡಿ ಬರುತ್ತಿದ್ದರು, ಒಳಗೆ ಬಂದು ದೂರದರ್ಶನದಲ್ಲಿ ಕುದುರೆಸವಾರರ ಚಿತ್ರಗಳನ್ನು ನೋಡುತ್ತಿದ್ದರು. ಹೊರಮೆಟ್ಟಲುಗಳ ಮೇಲೆ ಕುಳಿತು ಕಹಳೆ ಹಿಡಿದಿರುವ ಮುದುಕನನ್ನು ಮಕ್ಕಳು ಸುತ್ತುವರಿದಿರುವ ಪ್ರಸಿದ್ಧವಾದ ಛಾಯಾಚಿತ್ರವೊಂದಿದೆ; ಮೆಟ್ಟಲುಗಳು ಈಗಲೂ ಹಾಗೆಯೇ ಇವೆ. ೧೯೬೪ರಲ್ಲಿ ಆತನ ‘ಹಲೋ, ಡಾಲಿ!’ ಎಂಬ ಹಾಡು ಬೀಟಲ್ಸ್ ಎಂಬ ತರುಣರ ಹಾಡುಗಳನ್ನು ಪದಚ್ಯುತಗೊಳಿಸಿ ಜನಪ್ರಿಯತೆಯ ಪಟ್ಟಿಯ ತುದಿಗೇರಿತು. ಆಗ ವಯಸ್ಸು ಅರುವತ್ತೆರಡು. ೧೯೭೧ರ ಮಾರ್ಚಿನಲ್ಲಿ ವೈದ್ಯರು ಬೇಡವೆಂದರೂ ಎರಡು ವಾರ ಕಛೇರಿ ಮಾಡಿ, ಹೃದಯಾಘಾತದಿಂದ ಆಸ್ಪತ್ರೆ ಸೇರಿ, ಮರಳಿ ಮನೆಗೆ ಬಂದನು. ಜುಲೈ ೬ರ ಬೆಳಗಿನ ಜಾವ ಮಹಡಿಯ ಮಲಗುವ ಕೋಣೆಯಲ್ಲಿ, ನಿದ್ರೆಯಲ್ಲಿಯೇ ತೀರಿಕೊಂಡನು. ಲೂಸಿಲ್ ೧೯೮೩ರಲ್ಲಿ ತೀರಿಕೊಳ್ಳುವವರೆಗೆ ಮನೆಯನ್ನು ಇದ್ದಂತೆಯೇ ಕಾಪಾಡಿ, ನಗರಕ್ಕೆ ಬಿಟ್ಟುಹೋದಳು. ೨೦೦೩ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಎದುರು ಪಕ್ಕದಲ್ಲಿ ಸುರುಳಿಗಳು, ಕಾಗದಪತ್ರಗಳು, ಕಹಳೆಗಳಿಗಾಗಿ ಹೊಸ ಭವನವು ೨೦೨೩ರಲ್ಲಿ ಸಿದ್ಧವಾಯಿತು. ಪತಿ ಮನೆಯಲ್ಲಿ ಇಲ್ಲದಿದ್ದಾಗ ಮನೆಯನ್ನು ಕೊಂಡವಳೂ ಲೂಸಿಲ್, ಪತಿ ಇಲ್ಲವಾದ ಮೇಲೆ ಉಳಿಸಿಕೊಟ್ಟವಳೂ ಲೂಸಿಲ್. ಫಲಕದ ಮೇಲೆ ಆಕೆಯ ಹೆಸರು ಇನ್ನೂ ದೊಡ್ಡದಾಗಿರಬಹುದಾಗಿತ್ತು.

ಆತನ ಸಮಾಧಿ ಇರುವುದು ಫ್ಲಷಿಂಗಿನ ರುದ್ರಭೂಮಿಯಲ್ಲಿ. ನಮ್ಮ ಗಣಪತಿಯ ದೇವಾಲಯದಿಂದ ನಡೆದೇ ಹೋಗಬಹುದು. ಕಲ್ಲಿನ ನೆತ್ತಿಯ ಮೇಲೆ ಒಂದು ಕಹಳೆಯ ಶಿಲ್ಪವಿದೆ. ಅದೇ ರುದ್ರಭೂಮಿಯಲ್ಲಿ ಡಿಜ್ಜಿ ಗಿಲೆಸ್ಪಿಯನ್ನೂ ೧೯೯೩ರಲ್ಲಿ ಮಣ್ಣು ಮಾಡಿದರು. ೧೯೭೯ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಆತನು ಹಳೆಯ ಟೀಕೆಯನ್ನು ಹಿಂತೆಗೆದುಕೊಂಡಿದ್ದನು: ಆ ನಗುವು ದಾಸ್ಯದ ಗುರುತಲ್ಲ, ಜನಾಂಗದ್ವೇಷವು ತನ್ನ ಆನಂದವನ್ನು ಕಸಿದುಕೊಳ್ಳಲು ಆರ್ಮ್‌ಸ್ಟ್ರಾಂಗನು ಬಿಡಲಿಲ್ಲವೆಂಬುದರ ಗುರುತು ಎಂದು ತನಗೆ ತಡವಾಗಿ ತಿಳಿಯಿತೆಂದು ಬರೆದನು. ಗಿಲೆಸ್ಪಿಯ ಸಮಾಧಿಯ ಮೇಲೆ ಹೆಸರಿನ ಕಲ್ಲಿಲ್ಲ. ಆರ್ಮ್‌ಸ್ಟ್ರಾಂಗನ ಕಲ್ಲಿನ ಬುಡದಲ್ಲಿ ನಾನು ಹೋದ ದಿನ ಯಾರೋ ಇಟ್ಟುಹೋದ ಹೂವುಗಳಿದ್ದವು, ಪಕ್ಕದಲ್ಲಿ ಬೆಳ್ಳಗೆ ಒಗೆದು ಮಡಿಸಿದ ಒಂದು ಕರವಸ್ತ್ರ.